ಓಟ ಮುಗಿದ ಮೇಲೆ ಕುದುರೆ ಎಲ್ಲಿ ಹೋಗುತ್ತದೆ?

ಅಮೆರಿಕದ ಕುದುರೆ ರೇಸುಗಳಲ್ಲಿ ಕೆಂಟಕಿ ಡರ್ಬಿಗೆ ಇರುವ ಮರ್ಯಾದೆಯೇ ಬೇರೆ. 1986ರಲ್ಲಿ ಅದನ್ನು ಗೆದ್ದದ್ದು ಫರ್ಡಿನಾಂಡ್ ಎಂಬ ಕುದುರೆ. 1987ರಲ್ಲಿ ಅದು ‘ವರ್ಷದ ಕುದುರೆ’ ಎನಿಸಿಕೊಂಡಿತು. ಓಟ ನಿಲ್ಲಿಸಿದ ಮೇಲೆ ಅದನ್ನು ತಳಿಗಾಗಿ ಇಟ್ಟುಕೊಂಡರು. 1994ರಲ್ಲಿ ಜಪಾನಿಗೆ ಮಾರಿದರು. ಅಲ್ಲಿ ಅದಕ್ಕೆ ಬೇಡಿಕೆ ಕುಗ್ಗಿತು. 2002ರಲ್ಲಿ ಫರ್ಡಿನಾಂಡ್ ಕಸಾಯಿಖಾನೆ ಸೇರಿತೆಂಬ ಸುದ್ದಿ ಮರುವರ್ಷ ಪತ್ರಿಕೆಯಲ್ಲಿ ಬಂದಾಗ ಕುದುರೆಪ್ರಿಯರು ಬೆಚ್ಚಿಬಿದ್ದರು. ಡರ್ಬಿ ಗೆದ್ದ ಕುದುರೆಗೇ ಈ ಗತಿಯಾದರೆ, ಒಂದೂ ಪಂದ್ಯ ಗೆಲ್ಲದವುಗಳ ಪಾಡೇನು?

ಇದು ಬರೀ ಮರುಕದ ಮಾತಲ್ಲ, ಲೆಕ್ಕದ ಮಾತೂ ಹೌದು. ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ಜಾತಿಯ ಕುದುರೆ ಎರಡು ವರ್ಷಕ್ಕೇ ಓಟಕ್ಕಿಳಿಯಬಹುದು. ಹತ್ತು ವರ್ಷ ತುಂಬುವುದರೊಳಗೆ ಬಹುಪಾಲು ಕುದುರೆಗಳು ಮೈದಾನ ಬಿಟ್ಟಿರುತ್ತವೆ. ಆಯುಷ್ಯವೋ, 25 ವರ್ಷ ದಾಟಬಹುದು. ಗಳಿಕೆ ನಾಲ್ಕಾರು ವರ್ಷದ್ದು, ಮೇವು, ಲಾಳ, ಔಷಧಿಯ ಖರ್ಚು ಜೀವಮಾನದ್ದು. ತಳಿಗೆ ಬೇಕಾಗುವ ಗಂಡುಗಳು ಕೆಲವೇ. ಬೀಜ ತೆಗೆಸಿದವಕ್ಕೆ ಆ ದಾರಿಯೂ ಇಲ್ಲ.

ಹಾಗಾದರೆ ಸವಾರಿಗೆ ಕೊಟ್ಟರಾಯಿತಲ್ಲ ಎನ್ನಬಹುದು. ಅದು ಅಷ್ಟು ಸುಲಭವಲ್ಲ. ಲಗಾಮು ಬಿಗಿದರೆ ನಿಲ್ಲಬೇಕೆಂದು ಸಾಮಾನ್ಯ ಕುದುರೆಗೆ ಗೊತ್ತು. ರೇಸಿನ ಕುದುರೆ ಬಿಗಿದ ಲಗಾಮಿಗೇ ಬಾಯಿಯನ್ನು ಆನಿಸಿ ಇನ್ನೂ ಜೋರಾಗಿ ಓಡುತ್ತದೆ! ಆದ್ದರಿಂದ ಮೊದಲು ಅದಕ್ಕೆ ಕೆಲವು ವಾರ ವಿಶ್ರಾಂತಿ ಕೊಡುತ್ತಾರೆ. ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸುತ್ತಾರೆ. ಕಾಲಿನ ಹಳೆಯ ಪೆಟ್ಟುಗಳನ್ನು ವೈದ್ಯರು ನೋಡುತ್ತಾರೆ. ಆಮೇಲೆ ನಿಧಾನವಾಗಿ ನಡೆಯುವುದನ್ನು, ಸವಾರ ಹತ್ತುವವರೆಗೆ ಅಲುಗದೆ ನಿಲ್ಲುವುದನ್ನು ಹೊಸದಾಗಿ ಕಲಿಸುತ್ತಾರೆ.

ಕಲಿಸಿದರೆ ಕುದುರೆ ಕಲಿಯುತ್ತದೆ ಎಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಅಲ್ಲಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ ರೇಸಿನಿಂದ ನಿವೃತ್ತಿಯಾದ ಕುದುರೆಗಳೂ ಸೇವೆ ಮಾಡಿವೆ. ದಸರೆಗೆ ಮುಂಚೆ ದಳದ ಕುದುರೆಗಳಿಗೆ ಆನೆಗಳೊಂದಿಗೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ಒಂದು ಕಾಲಕ್ಕೆ ಗೇಟು ತೆರೆದೊಡನೆ ಬಾಣದಂತೆ ಚಿಮ್ಮುತ್ತಿದ್ದ ಪ್ರಾಣಿ, ಜನಜಂಗುಳಿಯ ನಡುವೆ ಮೆಲ್ಲಗೆ ಹೆಜ್ಜೆ ಹಾಕುತ್ತದೆ.

ಆದರೆ ಎಲ್ಲ ಕುದುರೆಗಳಿಗೂ ಪೊಲೀಸ್ ದಳದಲ್ಲಿ ಜಾಗವಿರದು. ಬ್ರಿಟನ್ನಿನಲ್ಲಿ 2000ದಲ್ಲಿ ನಿವೃತ್ತ ಕುದುರೆಗಳ ಮರುತರಬೇತಿಗೆಂದೇ ಒಂದು ಸಂಸ್ಥೆ ಹುಟ್ಟಿತು. ಮೈಕೆಲ್ ಬ್ಲೋವೆನ್ ಎಂಬ ಮಾಜಿ ಸಿನಿಮಾ ವಿಮರ್ಶಕರು 2003ರಲ್ಲಿ ಕೆಂಟಕಿಯಲ್ಲಿ ‘ಓಲ್ಡ್ ಫ್ರೆಂಡ್ಸ್’ ಎಂಬ ಆಶ್ರಯಧಾಮ ಶುರುಮಾಡಿದರು. 1997ರ ಡರ್ಬಿ ಗೆದ್ದ ಸಿಲ್ವರ್ ಚಾರ್ಮ್ ಕೂಡ ಫರ್ಡಿನಾಂಡ್‌ನಂತೆ ಜಪಾನಿಗೆ ಹೋಗಿತ್ತು. ಅದು 2014ರಲ್ಲಿ ಜೀವಂತವಾಗಿ ತವರಿಗೆ ಮರಳಿ ಈ ಧಾಮ ಸೇರಿತು. 2012ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ‘ಥರೋಬ್ರೆಡ್ ಆಫ್ಟರ್‌ಕೇರ್ ಅಲೈಯನ್ಸ್’ ಇಂಥ ಧಾಮಗಳನ್ನು ಪರಿಶೀಲಿಸಿ ಮಾನ್ಯತೆ, ಹಣ ಎರಡನ್ನೂ ಕೊಡುತ್ತದೆ. ಆ ಹಣಕ್ಕೆ ತಳಿಗಾರರು, ಮಾಲೀಕರು, ಹರಾಜು ನಡೆಸುವವರು ವಂತಿಗೆ ಸಲ್ಲಿಸುತ್ತಾರೆ.

ಇದರಲ್ಲಿರುವ ವಿವೇಕ ಸರಳ. ಕುದುರೆಯ ಮುಪ್ಪಿನ ಖರ್ಚನ್ನು ಕೊನೆಯಲ್ಲಿ ಸಿಕ್ಕ ಪುಣ್ಯಾತ್ಮನ ತಲೆಗೆ ಕಟ್ಟಬಾರದು. ಅದರ ಓಟದಿಂದ ಲಾಭ ಪಡೆದವರು, ಅದು ಓಡುತ್ತಿರುವಾಗಲೇ ಆ ದುಡ್ಡನ್ನು ತೆಗೆದಿಡಬೇಕು.