ದೂರದರ್ಶನದ ಖರ್ಚು ಯಾರದು?

ಮೂಡಲಪಾಳ್ಯದ ಮನೆಗಳಿಗೂ ಬರುವ ದೂರದರ್ಶನ ಚಂದನದಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಕ್ವಿಜ್‌ನಲ್ಲಿ ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ಲಾಭವೊಂದನ್ನೇ ನೋಡದೆ ಇಂಥದನ್ನು ನಡೆಸುವುದೇ ಸಾರ್ವಜನಿಕ ಪ್ರಸಾರದ ಉದ್ದೇಶ. ಹಾಗಾದರೆ ಖರ್ಚು ಯಾರದು?

ಟಿ.ವಿ. ಇಟ್ಟವರು ಕಟ್ಟುತ್ತಿದ್ದ ಲೈಸೆನ್ಸ್ ಶುಲ್ಕ 1980ರ ದಶಕದಲ್ಲಿ ರದ್ದಾಯಿತು. ಈಗ ಕೇಂದ್ರದ ಅನುದಾನವೇ ಮುಖ್ಯ ಆಸರೆ. ಅದು ಸೋಪು ಕೊಳ್ಳುವಾಗಲೂ ಎಲ್ಲರೂ ತೆರುವ ತೆರಿಗೆಯ ಹಣ. ಯಾವ ಪಕ್ಷದ್ದೂ ಅಲ್ಲ.

ಸರ್ಕಾರದ ಹಿಡಿತ ತಪ್ಪಿಸಲೆಂದೇ 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಬಂತು, ಜಾರಿಯಾದದ್ದು 1997ರಲ್ಲಿ. ಚುನಾವಣೆ ಬಂದಾಗ ಮಾನ್ಯತೆ ಪಡೆದ ಪಕ್ಷಗಳಿಗೆ ಉಚಿತ ಸಮಯ ಹಂಚಿ, ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ದಿನದ ಸುದ್ದಿಗೆ ಅಂಥ ಚೀಟಿಯಿಲ್ಲ. ಆಳುವ ಪಕ್ಷಕ್ಕೆಷ್ಟು ಹೊತ್ತು, ವಿರೋಧ ಪಕ್ಷಕ್ಕೆಷ್ಟು ಎಂದು ಗಡಿಯಾರ ನೋಡಿ ಲೆಕ್ಕ ಬರೆಯುವುದು ಹೈಸ್ಕೂಲು ಮಕ್ಕಳಿಗೂ ಆದೀತು. ಹಣ ಕೊಟ್ಟವರಿಗೆ ಆ ಲೆಕ್ಕ ಕೇಳುವ ಹಕ್ಕಿದೆ.