ನಿವೇಶನ ಖರೀದಿ: ಮಧ್ಯವರ್ತಿಯ ಮಾತು ಮತ್ತು ದಾಖಲೆಗಳ ಪರಿಶೀಲನೆ

(ಬೆಂಗಳೂರು ನಗರ ಹಾಗೂ ಸುತ್ತಮುತ್ತಲ ಪ್ರದೇಶಗಳಲ್ಲಿ ಸ್ವತ್ತು ಖರೀದಿಸುವ ನಾಗರಿಕರ ಮಾಹಿತಿಗಾಗಿ)

ಬೆಂಗಳೂರು ನಗರ ಹಾಗೂ ಅದರ ಹೊರವಲಯದಲ್ಲಿ ನಿವೇಶನ ಖರೀದಿಸಲು ಇಚ್ಛಿಸುವ ಬಹುಪಾಲು ನಾಗರಿಕರು ಮೊದಲು ಭೇಟಿಯಾಗುವುದು ಸರ್ಕಾರಿ ಕಚೇರಿಯ ಅಧಿಕಾರಿಯನ್ನಲ್ಲ, ಬಡಾವಣೆಯ ಮಧ್ಯವರ್ತಿಯನ್ನು. ಯಾವ ಬೀದಿಯಲ್ಲಿ ಯಾವ ನಿವೇಶನ ಮಾರಾಟಕ್ಕಿದೆ, ಅದರ ಚದರಡಿ ದರವೇನು, ಹತ್ತಿರದಲ್ಲಿ ಯಾವ ರಸ್ತೆ ಬರಲಿದೆ ಎಂಬ ಸುದ್ದಿಯೆಲ್ಲವೂ ಆತನಿಂದಲೇ ತಿಳಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಪ್ರಾಮಾಣಿಕನಾದ ಮಧ್ಯವರ್ತಿಯು ಖರೀದಿದಾರನ ಅನೇಕ ದಿನಗಳ ಅಲೆದಾಟವನ್ನು ತಪ್ಪಿಸುತ್ತಾನೆ. ಆದರೆ ಆತನು ತರುವ ಸುದ್ದಿಯು ಸುದ್ದಿ ಮಾತ್ರ, ಅದು ದಾಖಲೆಯಲ್ಲ. ಎರಡನ್ನೂ ಒಂದೇ ಎಂದು ಭಾವಿಸಿ ಜೀವಮಾನದ ಉಳಿತಾಯವನ್ನು ತೊಡಗಿಸಿದವರು ಅನಂತರ ಕಚೇರಿಗೆ ಬಂದಾಗ, ನಾವು ಅವರಿಗೆ ನೀಡಬಹುದಾದ ಪರಿಹಾರ ಬಹಳ ಕಡಿಮೆ. ಆದ್ದರಿಂದ ಮುಂಗಡ ಹಣ ನೀಡುವ ಮೊದಲೇ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಬಡಾವಣೆಯ ಸುದ್ದಿ ಮತ್ತು ಅಧಿಸೂಚನೆ

"ಇಲ್ಲಿಂದ ಅರ್ಧ ಕಿಲೋಮೀಟರಿಗೆ ಮೆಟ್ರೊ ಬರುತ್ತದೆ, ಎರಡು ವರ್ಷದಲ್ಲಿ ದರ ಇಮ್ಮಡಿಯಾಗುತ್ತದೆ" ಎಂಬ ಮಾತನ್ನು ಕೇಳದ ಖರೀದಿದಾರರು ವಿರಳ. ನಮ್ಮ ಮೆಟ್ರೊದ ಮೊದಲ ಮಾರ್ಗವು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ 2011ರ ಅಕ್ಟೋಬರ್ 20ರಂದು ಆರಂಭವಾಯಿತು. ಅದೇ ಮಾರ್ಗವು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಗಿ ಸಂಚಾರಕ್ಕೆ ತೆರೆದದ್ದು 2023ರ ಅಕ್ಟೋಬರ್‌ನಲ್ಲಿ. 2014ರಲ್ಲಿ ಕೇಂದ್ರ ಸರ್ಕಾರದ ಅನುಮೋದನೆ ಪಡೆದ ಎರಡನೇ ಹಂತಕ್ಕೆ ಸೇರಿದ ಆರ್.ವಿ. ರಸ್ತೆ–ಬೊಮ್ಮಸಂದ್ರ ಮಾರ್ಗದಲ್ಲಿ ಸಂಚಾರ ಆರಂಭವಾದದ್ದು 2025ರ ಆಗಸ್ಟ್‌ನಲ್ಲಿ. ಸುದ್ದಿ ನಿಜವಾಗಿದ್ದರೂ ಅದು ಕೈಗೂಡಲು ಹಿಡಿಯುವ ಕಾಲ ಎಷ್ಟೆಂಬುದನ್ನು ಈ ದಿನಾಂಕಗಳಿಂದ ಊಹಿಸಬಹುದು. ಗೃಹಸಾಲದ ಕಂತು ಮಾತ್ರ ಮರು ತಿಂಗಳಿನಿಂದಲೇ ಆರಂಭವಾಗುತ್ತದೆ.

ಸಾರ್ವಜನಿಕ ಯೋಜನೆಯ ಸುದ್ದಿಗೆ ಇನ್ನೊಂದು ಮುಖವೂ ಇದೆ. ರಸ್ತೆ ಅಥವಾ ಬಡಾವಣೆ ಬರುವುದಾದರೆ ಅದಕ್ಕೆ ಜಮೀನು ಬೇಕು. ಆ ಜಮೀನಿನಲ್ಲಿ ತಾವು ನೋಡಿದ ನಿವೇಶನವೂ ಸೇರಿರಬಹುದು. ಯಲಹಂಕ ಭಾಗದ 17 ಗ್ರಾಮಗಳ ಸುಮಾರು 3,500 ಎಕರೆ ಜಮೀನಿನಲ್ಲಿ ಡಾ. ಕೆ. ಶಿವರಾಮ ಕಾರಂತ ಬಡಾವಣೆಯನ್ನು ನಿರ್ಮಿಸಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2008ರ ಡಿಸೆಂಬರ್‌ನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ನಂತರದ ವರ್ಷಗಳಲ್ಲಿ ವಿಷಯವು ನ್ಯಾಯಾಲಯದಲ್ಲಿದ್ದಾಗ, ಯೋಜನೆ ಕೈಬಿಟ್ಟುಹೋಯಿತೆಂಬ ನಂಬಿಕೆ ಹರಡಿತು. ಅಲ್ಲಿ ನಿವೇಶನಗಳ ಮಾರಾಟವೂ ನಡೆಯಿತು, ಮನೆಗಳೂ ಎದ್ದವು. 2018ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಯೋಜನೆಯನ್ನು ಎತ್ತಿಹಿಡಿದ ಮೇಲೆ ಆ ಮನೆಗಳವರ ಸ್ಥಿತಿ ಏನಾಗಬೇಕೆಂಬ ಪ್ರಶ್ನೆ ಉದ್ಭವಿಸಿತು. ಕಟ್ಟಡಗಳನ್ನು ಪರಿಶೀಲಿಸಲು 2020ರ ಡಿಸೆಂಬರ್‌ನಲ್ಲಿ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಸಮಿತಿಯನ್ನೇ ನೇಮಿಸಬೇಕಾಯಿತು. ಹಲವು ಕುಟುಂಬಗಳು ತಮ್ಮ ಮನೆ ಉಳಿಯುವುದೋ ಇಲ್ಲವೋ ಎಂಬ ಆತಂಕದಲ್ಲಿ ದಿನಗಳನ್ನು ಕಳೆದವು. ಅವರಲ್ಲಿ ಅನೇಕರ ಕೈಯಲ್ಲಿ ನೋಂದಾಯಿತ ಕ್ರಯಪತ್ರವಿತ್ತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಆದಕಾರಣ, ಸ್ವತ್ತಿನ ಸರ್ವೆ ನಂಬರು ಯಾವುದಾದರೂ ಭೂಸ್ವಾಧೀನ ಅಧಿಸೂಚನೆಯಲ್ಲಿ ಸೇರಿದೆಯೇ ಎಂಬುದನ್ನು ಸಂಬಂಧಪಟ್ಟ ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿ ತಿಳಿಯತಕ್ಕದ್ದು. ಅಗತ್ಯವಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. ಸರ್ವೆ ನಂಬರು ತಿಳಿಸಲು ಹಿಂಜರಿಯುವ ಮಧ್ಯವರ್ತಿಯೊಡನೆ ಮುಂದಿನ ಮಾತು ಅನಗತ್ಯ.

ಮಧ್ಯವರ್ತಿಯ ಕಾನೂನು ಹೊಣೆ

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ ಪ್ರಕಾರ, 500 ಚದರ ಮೀಟರಿಗೂ ಹೆಚ್ಚಿನ ಜಮೀನಿನಲ್ಲಿ ನಿರ್ಮಿಸುವ ಬಡಾವಣೆ ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟುಗಳ ಕಟ್ಟಡವನ್ನು ನೋಂದಾಯಿಸದೆ ಜಾಹೀರಾತು ನೀಡುವಂತಿಲ್ಲ, ಮಾರುವಂತಿಲ್ಲ. ಇಂತಹ ಯೋಜನೆಯ ನಿವೇಶನಗಳನ್ನು ಮಾರಿಸಿಕೊಡುವ ಮಧ್ಯವರ್ತಿಯೂ ಕಲಂ 9ರಡಿ ನೋಂದಣಿ ಪಡೆದಿರಬೇಕು ಹಾಗೂ ತನ್ನ ನೋಂದಣಿ ಸಂಖ್ಯೆಯನ್ನು ಪ್ರತಿ ವ್ಯವಹಾರದಲ್ಲೂ ನಮೂದಿಸಬೇಕು. ನೋಂದಾಯಿಸದ ಯೋಜನೆಯನ್ನು ಆತನು ಮಾರಿಸುವಂತಿಲ್ಲ, ಇಲ್ಲದ ಸೌಲಭ್ಯವನ್ನು ಇದೆಯೆಂದು ಹೇಳುವಂತಿಲ್ಲ. ತಪ್ಪಿದಲ್ಲಿ ದಿನಕ್ಕೆ ರೂ. 10,000ದಂತೆ, ಆ ಸ್ವತ್ತಿನ ಬೆಲೆಯ ಶೇ. 5ರವರೆಗೆ ದಂಡ ವಿಧಿಸಲು ಅವಕಾಶವಿದೆ. ನೋಂದಣಿ ಸಂಖ್ಯೆಯನ್ನು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಇದೇ ಅಧಿನಿಯಮದ ಕಲಂ 13ರ ಮೇರೆಗೆ, ಮಾರಾಟದ ಕರಾರನ್ನು ನೋಂದಾಯಿಸುವ ಮೊದಲು ಪ್ರವರ್ತಕರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯತಕ್ಕದ್ದಲ್ಲ.

ಆದರೆ ಒಬ್ಬ ವ್ಯಕ್ತಿಯು ತನ್ನ ಹಳೆಯ ನಿವೇಶನವೊಂದನ್ನು ಇನ್ನೊಬ್ಬರಿಗೆ ಮಾರುವಾಗ ಈ ಅಧಿನಿಯಮದ ರಕ್ಷಣೆ ದೊರೆಯುವುದಿಲ್ಲ. ಬಡಾವಣೆಗಳಲ್ಲಿ ನಡೆಯುವ ವ್ಯವಹಾರಗಳಲ್ಲಿ ಇಂತಹವೇ ಹೆಚ್ಚು. ಅಲ್ಲಿ ಖರೀದಿದಾರನಿಗೆ ಇರುವ ಆಧಾರ ದಾಖಲೆಗಳು ಮಾತ್ರ.

ಋಣಭಾರ ಪ್ರಮಾಣ ಪತ್ರ ಹೇಳುವುದು ಮತ್ತು ಹೇಳದಿರುವುದು

ಸಾಮಾನ್ಯವಾಗಿ ಇ.ಸಿ. ಎಂದು ಕರೆಯಲಾಗುವ ಋಣಭಾರ ಪ್ರಮಾಣ ಪತ್ರವನ್ನು ಕಾವೇರಿ ತಂತ್ರಾಂಶದ ಮೂಲಕ ಮನೆಯಿಂದಲೇ ಪಡೆಯಬಹುದು. ಕೋರಿದ ಅವಧಿಯಲ್ಲಿ ನೋಂದಾಯಿತ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿಯೂ, ಯಾವುದೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಇದನ್ನು ನೀಡಲಾಗುತ್ತದೆ. ಮಧ್ಯವರ್ತಿಯು ತೋರಿಸುವ ನೆರಳಚ್ಚು ಪ್ರತಿಯನ್ನು ಆಧರಿಸದೆ, ಖರೀದಿದಾರರು ತಾವೇ ಅರ್ಜಿ ಸಲ್ಲಿಸಿ ಕನಿಷ್ಠ 30 ವರ್ಷಗಳ ಅವಧಿಗೆ ಪಡೆಯುವುದು ಸೂಕ್ತ. ಗಣಕೀಕರಣಕ್ಕೆ ಮುಂಚಿನ ಅವಧಿಗೆ ಸಂಬಂಧಪಟ್ಟ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಅರ್ಜಿಯಲ್ಲಿ ಸರ್ವೆ ನಂಬರು, ನಿವೇಶನದ ಸಂಖ್ಯೆ, ಚಕ್ಕುಬಂದಿ ಇವುಗಳಲ್ಲಿ ಒಂದು ತಪ್ಪಾದರೂ ಶೋಧನೆಯ ಫಲ ಬೇರೆಯಾಗಬಹುದು. ನಮೂನೆ 16 ಕೈಗೆ ಬಂದ ಕೂಡಲೇ ಸಂತೋಷಪಡುವ ಮುನ್ನ, ತಾವು ಶೋಧಿಸಿದ ಸ್ವತ್ತು ಸರಿಯಾದದ್ದೇ ಎಂದು ನೋಡಿಕೊಳ್ಳಬೇಕು. ಒಂದೇ ಜಮೀನು ಮೊದಲು ಸರ್ವೆ ನಂಬರಿನಲ್ಲಿಯೂ, ಅನಂತರ ಖಾತಾ ಸಂಖ್ಯೆಯಲ್ಲಿಯೂ ನೋಂದಣಿಯಾಗಿರುವುದು ಸಾಮಾನ್ಯ. ಎರಡೂ ಸಂಖ್ಯೆಗಳಲ್ಲಿ ಶೋಧಿಸಬೇಕು.

ಈ ಪ್ರಮಾಣ ಪತ್ರವು ನೋಂದಾಯಿತ ದಸ್ತಾವೇಜುಗಳನ್ನು ಮಾತ್ರ ತೋರಿಸುತ್ತದೆ. ನೋಂದಾಯಿಸದ ಕರಾರು, ಉಯಿಲು, ಬಾಯಿಮಾತಿನ ವಿಭಾಗ, ವಾರಸಾ ಹಕ್ಕು ಅದರಲ್ಲಿ ಕಾಣುವುದಿಲ್ಲ. ನ್ಯಾಯಾಲಯದಲ್ಲಿರುವ ದಾವೆಯ ಸುಳಿವೂ ಸಾಮಾನ್ಯವಾಗಿ ಅದರಲ್ಲಿ ದೊರೆಯದು. ಪಿತ್ರಾರ್ಜಿತ ಸ್ವತ್ತಾದರೆ ವಂಶವೃಕ್ಷವನ್ನು ತರಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಸೇರಿಸಿ ಎಲ್ಲ ಹಕ್ಕುದಾರರ ಸಹಿ ಪಡೆಯಲಾಗುತ್ತಿದೆಯೇ ಎಂದು ನೋಡಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಗಳೂ ಮಗನಂತೆಯೇ ಸಹಭಾಗಿ. "ಅಕ್ಕ ಏನೂ ಕೇಳುವುದಿಲ್ಲ" ಎಂಬ ಮಾರಾಟಗಾರನ ಭರವಸೆ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಆ ಅಕ್ಕನವರು ಬಂದು ಸಹಿ ಹಾಕಿದರೆ ಮಾತ್ರ ಅದಕ್ಕೆ ಬೆಲೆ.

ಖಾತಾ, ಪರಿವರ್ತನೆ ಮತ್ತು ಮೂಲ ಮಂಜೂರಾತಿ

ಖಾತಾ ಎಂಬುದು ತೆರಿಗೆ ನಿರ್ಧರಣೆಗಾಗಿ ಸ್ಥಳೀಯ ಸಂಸ್ಥೆಯು ಇಡುವ ದಾಖಲೆ, ಅದು ಹಕ್ಕುಪತ್ರವಲ್ಲ. ನಗರದಲ್ಲಿ ಬಳಕೆಯಲ್ಲಿರುವ 'ಬಿ' ಖಾತಾ ಎಂಬುದು ನಿಯಮಾನುಸಾರ ಅನುಮೋದನೆ ಇಲ್ಲದ ಸ್ವತ್ತುಗಳಿಂದಲೂ ತೆರಿಗೆ ಸಂಗ್ರಹಿಸುವ ಸಲುವಾಗಿ ಇಡಲಾದ ವಹಿಯ ನಮೂದು. ತೆರಿಗೆ ಪಾವತಿಸಿದ ಮಾತ್ರಕ್ಕೆ ನ್ಯೂನತೆ ಸರಿಯಾಗುವುದಿಲ್ಲ. "ಅಕ್ರಮ-ಸಕ್ರಮದಲ್ಲಿ ಎಲ್ಲವೂ ಸರಿಹೋಗುತ್ತದೆ" ಎಂಬ ಭರವಸೆಯ ಮೇಲೆ ಬಹಳ ಜನ ಖರೀದಿಸಿದ್ದರು. ಆ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಸ್ವತ್ತಿನ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ತಮ್ಮ ಸ್ವತ್ತು ಯಾವ ಪಾಲಿಕೆಗೆ ಸೇರುತ್ತದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. 'ಬಿ' ಖಾತಾವನ್ನು 'ಎ' ಖಾತಾ ಮಾಡಿಸಿಕೊಡುವುದಾಗಿ ಯಾರಾದರೂ ಹಣ ಕೇಳಿದಲ್ಲಿ, ಅದರ ಷರತ್ತು ಮತ್ತು ಶುಲ್ಕಗಳನ್ನು ಪಾಲಿಕೆಯ ಕಚೇರಿಯಿಂದಲೇ ತಿಳಿಯತಕ್ಕದ್ದು.

ಹೊರವಲಯದಲ್ಲಿ ಕೃಷಿ ಜಮೀನನ್ನು ತುಂಡರಿಸಿ ಮಾರುವ ಕಂದಾಯ ನಿವೇಶನಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 95ರಡಿ ಭೂಪರಿವರ್ತನೆ ಆಗಿರುವುದು ಒಂದು ಹಂತ; ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ದೊರೆತಿರುವುದು ಇನ್ನೊಂದು ಹಂತ. ಪರಿವರ್ತನಾ ಆದೇಶವೊಂದನ್ನೇ ತೋರಿಸಿ "ಬಡಾವಣೆ ಮಂಜೂರಾಗಿದೆ" ಎಂದು ಹೇಳುವುದು ಬಹಳ ಕಡೆ ಕಂಡುಬರುತ್ತದೆ.

ಜಮೀನು ಮೂಲತಃ ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದುದೇ ಎಂಬುದನ್ನು ಹಳೆಯ ಪಹಣಿ ಹಾಗೂ ಮಂಜೂರಾತಿ ದಾಖಲೆಗಳಿಂದ ತಿಳಿಯಬೇಕು. 1978ರ ಅಧಿನಿಯಮದ ಪ್ರಕಾರ ಇಂತಹ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದಲ್ಲಿ ಅದು ಅಸಿಂಧು. 2023ರ ತಿದ್ದುಪಡಿಯ ಮೂಲಕ, ಜಮೀನನ್ನು ಮರಳಿ ಕೋರುವ ಅರ್ಜಿಗೆ ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸಲಾಗಿದೆ. ನಾಲ್ಕು ಕೈ ಬದಲಾಗಿದೆ ಎಂಬುದು ಇಲ್ಲಿ ರಕ್ಷಣೆಯಾಗದು. ಈ ಕಾನೂನು ಇರುವುದು ಜಮೀನು ಕಳೆದುಕೊಂಡ ಬಡ ಕುಟುಂಬಗಳ ಹಿತಕ್ಕಾಗಿ.

ಇನ್ನು ಅಧಿಕಾರ ಪತ್ರದ ಅಥವಾ ಜಿ.ಪಿ.ಎ. ಮೂಲಕ 'ಮಾರಾಟ'. ಇದರಿಂದ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿಯೇ ತಿಳಿಸಿದೆ.

ಬೆಲೆ ಮತ್ತು ಮುದ್ರಾಂಕ ಶುಲ್ಕದ ಲೆಕ್ಕ

ಮುದ್ರಾಂಕ ಶುಲ್ಕವನ್ನು ಮಾರ್ಗಸೂಚಿ ಬೆಲೆ ಅಥವಾ ನಿಜವಾಗಿ ನೀಡಿದ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಪಾವತಿಸಬೇಕು. 30x40 ಅಡಿಯ, ಅಂದರೆ 1,200 ಚದರಡಿಯ ನಿವೇಶನಕ್ಕೆ ಮಾರ್ಗಸೂಚಿ ಬೆಲೆಯು ಚದರಡಿಗೆ ರೂ. 4,000 ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ ಒಟ್ಟು ರೂ. 48,00,000 ಆಗುತ್ತದೆ. ಇದರ ಮೇಲೆ ಶೇ. 5ರಂತೆ ಮುದ್ರಾಂಕ ಶುಲ್ಕ ರೂ. 2,40,000, ಆ ಶುಲ್ಕದ ಮೇಲೆ ಶೇ. 10ರ ಉಪಕರ ರೂ. 24,000, ನಗರ ಪ್ರದೇಶದಲ್ಲಿ ಶೇ. 2ರ ಅಧಿಭಾರ ರೂ. 4,800. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ್ದು, ಅದರಂತೆ ರೂ. 96,000. ಒಟ್ಟು ರೂ. 3,64,800.

ನಿಜವಾದ ಬೆಲೆ ರೂ. 60 ಲಕ್ಷವಿದ್ದಾಗ "ಪತ್ರದಲ್ಲಿ 48 ಲಕ್ಷ ತೋರಿಸೋಣ, ಉಳಿದ 12 ಲಕ್ಷ ನಗದಾಗಿ ಕೊಡಿ" ಎಂಬ ಸಲಹೆ ಬರುವುದುಂಟು. ಇದರಿಂದ ಉಳಿಯುವಂತೆ ಕಾಣುವುದು ರೂ. 91,200. ಕಾನೂನುಬಾಹಿರವೆಂಬುದನ್ನು ಒಂದು ಕ್ಷಣ ಬದಿಗಿಟ್ಟು, ಬರೀ ಲೆಕ್ಕದ ಪುಸ್ತಕದ ದೃಷ್ಟಿಯಿಂದ ನೋಡಿದರೂ ಇದು ನಷ್ಟದ ವ್ಯವಹಾರ. ವ್ಯವಹಾರ ಮುರಿದುಬಿದ್ದರೆ ಆ 12 ಲಕ್ಷಕ್ಕೆ ರಸೀದಿ ಇರುವುದಿಲ್ಲ. ಮುಂದೆ ತಾವೇ ಮಾರುವಾಗ ಖರೀದಿ ಬೆಲೆ 48 ಲಕ್ಷವೆಂದೇ ಪರಿಗಣಿತವಾಗಿ, ಆ 12 ಲಕ್ಷವೂ ಲಾಭವೆಂದು ತೆರಿಗೆಗೆ ಒಳಪಡುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ ರೂ. 20,000 ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬೆಲೆಯು ರೂ. 50 ಲಕ್ಷ ಅಥವಾ ಹೆಚ್ಚಿದ್ದಲ್ಲಿ ಖರೀದಿದಾರರು ಶೇ. 1ನ್ನು ಮೂಲದಲ್ಲೇ ಕಡಿತ ಮಾಡಿ ಸರ್ಕಾರಕ್ಕೆ ಜಮಾ ಮಾಡಬೇಕು. ಮೇಲಿನ ಉದಾಹರಣೆಯಲ್ಲಿ ಅದು ರೂ. 60,000.

ನೋಂದಣಿ ಮತ್ತು ನಂತರ

ಕ್ರಯಪತ್ರವನ್ನು ಬರೆದುಕೊಟ್ಟ ದಿನಾಂಕದಿಂದ ನಾಲ್ಕು ತಿಂಗಳ ಒಳಗಾಗಿ ನೋಂದಣಿಗೆ ಹಾಜರುಪಡಿಸಬೇಕು. ಕಾವೇರಿ 2.0 ತಂತ್ರಾಂಶದಲ್ಲಿ ಕರಡು ಮತ್ತು ವಿವರಗಳನ್ನು ಮೊದಲು ಸಲ್ಲಿಸಿ, ಪರಿಶೀಲನೆಯ ನಂತರ ಶುಲ್ಕ ಪಾವತಿಸಿ, ಸಮಯ ನಿಗದಿಪಡಿಸಿಕೊಂಡು ಕಚೇರಿಗೆ ಬರಬಹುದು. ಉಪನೋಂದಣಾಧಿಕಾರಿಗಳು ಪಕ್ಷಗಾರರ ಗುರುತು, ಶುಲ್ಕ ಹಾಗೂ ನಿಗದಿತ ದಾಖಲೆಗಳನ್ನು ನೋಡುತ್ತಾರೆಯೇ ಹೊರತು, ಮಾರಾಟಗಾರನಿಗೆ ನಿಜವಾಗಿ ಮಾಲೀಕತ್ವವಿದೆಯೇ ಎಂದು ತೀರ್ಮಾನಿಸುವುದಿಲ್ಲ. "ಸರ್ಕಾರವೇ ನೋಂದಣಿ ಮಾಡಿಕೊಟ್ಟಿತಲ್ಲ" ಎಂದು ನಮ್ಮ ಕಚೇರಿಯಲ್ಲಿ ಕಣ್ಣೀರಿಟ್ಟವರಿಗೆ ಈ ವಿಷಯವನ್ನು ವಿವರಿಸುವುದು ಯಾವ ಅಧಿಕಾರಿಗೂ ಸುಲಭವಲ್ಲ. ಹಕ್ಕಿನ ಪರಿಶೀಲನೆಯನ್ನು ಅನುಭವವುಳ್ಳ ವಕೀಲರಿಂದ ಮುಂಚಿತವಾಗಿ ಮಾಡಿಸತಕ್ಕದ್ದು, ಮತ್ತು ಆ ವಕೀಲರನ್ನು ಖರೀದಿದಾರರೇ ಆರಿಸಿಕೊಳ್ಳುವುದು ಒಳಿತು.

ನೋಂದಣಿಯಾದ ಮೇಲೆ ಮೂಲ ಕ್ರಯಪತ್ರದೊಂದಿಗೆ ಮಾರಾಟಗಾರರ ಹಿಂದಿನ ಮೂಲ ಪತ್ರಗಳನ್ನೂ ಅದೇ ದಿನ ಪಡೆದುಕೊಳ್ಳಬೇಕು. ಅನಂತರ ಖಾತಾ ವರ್ಗಾವಣೆಗೆ ಪಾಲಿಕೆಯಲ್ಲಿ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು, ವಿದ್ಯುತ್ ಹಾಗೂ ನೀರಿನ ಸಂಪರ್ಕಗಳ ಹೆಸರು ಬದಲಾಯಿಸುವುದು, ನಿವೇಶನಕ್ಕೆ ಬೇಲಿ ಹಾಕಿಸುವುದು ಬಾಕಿ ಇರುತ್ತದೆ. ಹೊಸ ಕ್ರಯಪತ್ರವು ತಮ್ಮ ಹೆಸರಿನಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ಒಂದು ತಿಂಗಳ ನಂತರ ಮತ್ತೊಮ್ಮೆ ಋಣಭಾರ ಪ್ರಮಾಣ ಪತ್ರ ಪಡೆದು ನೋಡಿಕೊಳ್ಳಬಹುದು.