ಇನ್ನೂರು ಮೀಟರಿನ ಕಾನೂನು

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡ. ಅಲ್ಲಿಂದ ಮಂಕಿ, ಮುರ್ಡೇಶ್ವರ, ಭಟ್ಕಳದ ಕಡೆಗೆ ಹೆದ್ದಾರಿ 66ರಲ್ಲಿ ಹೋಗುವಾಗ ಸುಮ್ಮನೆ ಲೆಕ್ಕ ಹಾಕಿ ನೋಡಿ. ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಆಸ್ಪತ್ರೆ ಇವುಗಳಲ್ಲಿ ಒಂದಾದರೂ ಇನ್ನೂರು ಮೀಟರಿನೊಳಗೆ ಸಿಗದ ಪೇಟೆ ಯಾವುದಿದೆ? 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಸೆಕ್ಷನ್ 7 ಹೇಳುವುದು ಈ ಇನ್ನೂರು ಮೀಟರನ್ನೇ. ಅಷ್ಟರೊಳಗೆ ಲೈಂಗಿಕ ವೃತ್ತಿ ನಡೆಸಿದರೆ ಮೂರು ತಿಂಗಳವರೆಗೆ ಜೈಲು. ಹಾಗಾಗಿ ನಮ್ಮ ಕರಾವಳಿಯಲ್ಲಿ ದೀಪವಿರುವ ಬೀದಿ, ಬಸ್ ನಿಲ್ದಾಣ, ಜನರ ಓಡಾಟವಿರುವ ಜಾಗ ಹೆಚ್ಚುಕಡಿಮೆ ಎಲ್ಲವೂ ನಿಷಿದ್ಧ. ಉಳಿಯುವುದು ಊರಾಚೆಯ ಕತ್ತಲು.

ವಯಸ್ಕ ಹೆಣ್ಣೊಬ್ಬಳು ತನ್ನಿಚ್ಛೆಯಿಂದ ಈ ವೃತ್ತಿ ಮಾಡುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಅಪರಾಧವಾಗಿರುವುದು ಅದರ ಸುತ್ತಲಿನದೆಲ್ಲ. ಗಿರಾಕಿಯನ್ನು ಕರೆದರೆ ಸೆಕ್ಷನ್ 8. ಇಬ್ಬರು ಹೆಂಗಸರು ಪರಸ್ಪರ ಆಸರೆಗೆಂದು ಒಂದೇ ಕೋಣೆಯಲ್ಲಿ ದುಡಿದರೆ ಕಾಯ್ದೆಯ ವ್ಯಾಖ್ಯೆಯಂತೆ ಅದು ವೇಶ್ಯಾಗೃಹ. ಅವಳ ಗಳಿಕೆಯಲ್ಲಿ ಬದುಕುವ, ಹದಿನೆಂಟು ದಾಟಿದ ಮಗನೂ ಆರೋಪಿಯಾಗಬಹುದು.

ಈ ಕಾನೂನಿಗೂ ಎಚ್‌ಐವಿಯಂಥ ರೋಗಕ್ಕೂ ಏನು ಸಂಬಂಧ? ರಸ್ತೆಬದಿ ಲಾರಿಯೊಂದು ನಿಂತಿತು ಎನ್ನಿ. ಚಾಲಕ ಕುಡಿದಿದ್ದಾನೆಯೇ, ಒಳಗೆ ಇನ್ನೂ ಯಾರಾದರೂ ಇದ್ದಾರೆಯೇ, ಕಾಂಡೋಮಿಗೆ ಒಪ್ಪುತ್ತಾನೆಯೇ ಎಂದು ಅಳೆದು ನೋಡಲು ಆಕೆಗೆ ಒಂದೆರಡು ನಿಮಿಷ ಬೇಕು. ಪೊಲೀಸ್ ಜೀಪು ಬಂದೀತೆಂಬ ಹೆದರಿಕೆ ಇದ್ದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಆಕೆ ಹತ್ತಿ ಹೊರಡುತ್ತಾಳೆ. ಚೀಲದಲ್ಲಿ ಕಾಂಡೋಮ್ ಸಿಕ್ಕರೆ ಅದೇ ಸಾಕ್ಷಿಯಾದೀತೆಂಬ ಅಂಜಿಕೆಯಿದ್ದರೆ ಅದನ್ನು ಇಟ್ಟುಕೊಳ್ಳುವುದನ್ನೇ ಬಿಡುತ್ತಾಳೆ. ಪೆಟ್ಟು ತಿಂದರೂ ಠಾಣೆಗೆ ಹೋಗುವುದಿಲ್ಲ. ಹೊಡೆದವನಿಗೂ ಅದು ಗೊತ್ತು.

ಕರ್ನಾಟಕದಲ್ಲೇ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಂಕಿಗಳಲ್ಲಿ ತೋರಿಸಿತು. ಲೈಂಗಿಕ ಕಾರ್ಯಕರ್ತೆಯರನ್ನು ಎದುರು ಕೂತು ಕೇಳಿದಾಗ ಹಿಂದಿನ ಒಂದು ವರ್ಷದಲ್ಲಿ ಹೊಡೆತ ಅಥವಾ ಅತ್ಯಾಚಾರಕ್ಕೆ ಒಳಗಾದೆವೆಂದವರು ಶೇ. 11. ಹೆಸರಿಲ್ಲದೆ, ಮತಗಟ್ಟೆಯ ರೀತಿಯಲ್ಲಿ ಚೀಟಿಯನ್ನು ಪೆಟ್ಟಿಗೆಗೆ ಹಾಕಿಸಿದಾಗ ಅದು ಶೇ. 26.4ಕ್ಕೆ ಏರಿತು! ಮುಖಾಮುಖಿ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ನೋವು ಅಡಗಿಯೇ ಇತ್ತು. ಹಿಂಸೆಗೆ ಒಳಗಾದವರಲ್ಲಿ ಕಾಂಡೋಮ್ ಬಳಕೆ ಕಡಿಮೆ, ಚಿಕಿತ್ಸಾಲಯಕ್ಕೆ ಹೋಗುವವರು ಕಡಿಮೆ, ಗೊನೋರಿಯಾ ಸೋಂಕು ಇತರರಿಗಿಂತ ಸುಮಾರು ಎರಡು ಪಟ್ಟು. ಪೊಲೀಸರಿಗೆ ತಿಳಿವಳಿಕೆ, ಹೆಂಗಸರಿಗೆ ಹಕ್ಕಿನ ಅರಿವು, ತೊಂದರೆಯಾದೊಡನೆ ಓಡಿಬರುವ ತಂಡ, ಇಷ್ಟನ್ನು ಒದಗಿಸಿದ ಮೇಲೆ ಚೀಟಿಯ ಲೆಕ್ಕದಲ್ಲಿ ಹಿಂಸೆ ಮೊದಲ ಸುತ್ತಿನ ಶೇ. 27.3ರಿಂದ ನಂತರದ ಸುತ್ತಿನಲ್ಲಿ 18.9ಕ್ಕೆ ಇಳಿಯಿತು. ಔಷಧ ಬದಲಾಗಿರಲಿಲ್ಲ, ನಡವಳಿಕೆ ಬದಲಾಗಿತ್ತು.

2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಗಣಿತ ಮಾದರಿಯೊಂದು ಇನ್ನೂ ಮುಂದೆ ಹೋಯಿತು. ಅದು ಆರಿಸಿಕೊಂಡ ಮೂರು ಊರುಗಳು ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸಾ ಮತ್ತು ನಮ್ಮ ಬಳ್ಳಾರಿ. ಲೈಂಗಿಕ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆದರೆ ಹತ್ತು ವರ್ಷಗಳಲ್ಲಿ ಹೊಸ ಎಚ್‌ಐವಿ ಸೋಂಕುಗಳಲ್ಲಿ ಶೇ. 33ರಿಂದ 46ರಷ್ಟನ್ನು ತಡೆಯಬಹುದು ಎಂದು ಲೆಕ್ಕ ಹೇಳಿತು. ಮಾದರಿ ಎಂದರೆ ಅಂದಾಜು, ನಿಜ. ಆದರೆ ಕಾನೂನಿನ ತಿದ್ದುಪಡಿಯೊಂದು ಇಷ್ಟು ಸೋಂಕು ತಡೆಯಬಲ್ಲದು ಎಂಬುದನ್ನು ಆರೋಗ್ಯ ಇಲಾಖೆಯಷ್ಟೇ ಗೃಹ ಇಲಾಖೆಯೂ ಓದಬೇಕು.

ಮಕ್ಕಳನ್ನು, ಮೋಸದಿಂದ ಅಥವಾ ಬಲವಂತದಿಂದ ತಂದವರನ್ನು ಈ ಕೂಪಕ್ಕೆ ತಳ್ಳುವವರ ಮೇಲೆ ಕಾನೂನು ಕಠಿಣವಾಗಿಯೇ ಇರಬೇಕು. ಅದರಲ್ಲಿ ರಾಜಿಯಿಲ್ಲ. ಆದರೆ ಬೀದಿಯಲ್ಲಿ ನಿಂತ ಹೆಂಗಸನ್ನು ಹಿಡಿದು ದಂಡ ಹಾಕಿದರೆ ಸಾಗಾಟಗಾರನಿಗೆ ಏನೂ ಆಗುವುದಿಲ್ಲ.

2022ರ ಮೇ 19ರಂದು ಸುಪ್ರೀಂ ಕೋರ್ಟು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ನಿರ್ದೇಶನ ಕೊಟ್ಟಿತು. ಪೀಠದಲ್ಲಿ ಕೊಡಗಿನ ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಅವರೂ ಇದ್ದರು. ಕಾಂಡೋಮನ್ನು ಅಪರಾಧಕ್ಕೆ ಸಾಕ್ಷಿ ಎಂದು ಪರಿಗಣಿಸಬಾರದು. ಲೈಂಗಿಕ ಹಲ್ಲೆಗೆ ಒಳಗಾದ ಲೈಂಗಿಕ ಕಾರ್ಯಕರ್ತೆಗೆ ಬೇರೆ ಯಾವುದೇ ಹೆಣ್ಣಿಗೆ ಸಿಗುವ ವೈದ್ಯಕೀಯ ನೆರವೇ ಸಿಗಬೇಕು. ಪೊಲೀಸರು ಆಕೆಯನ್ನು ಘನತೆಯಿಂದ ಕಾಣಬೇಕು. ಸೆಕ್ಷನ್ 7 ಮತ್ತು 8 ಮಾತ್ರ ಕಾಯ್ದೆಯಲ್ಲಿ ಹಾಗೇ ಉಳಿದಿವೆ. ಅವನ್ನು ತೆಗೆಯಬೇಕಾದುದು ಸಂಸತ್ತು. ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರು, ನರ್ಸುಗಳು, ಠಾಣೆಯ ಸಿಬ್ಬಂದಿ ಈ ನಿರ್ದೇಶನವನ್ನು ಓದಿಕೊಂಡಿರಲಿ, ಪಾಲಿಸಲಿ. ಎಚ್‌ಐವಿ ಕುರಿತು ಯಾರಿಗೆ ಮಾಹಿತಿ ಬೇಕಿದ್ದರೂ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.